ಬೆಕ್ಕಿನ ಶುಗರ್: ಬಟ್ಟಲಿನ ಲೆಕ್ಕ, ಸೂಜಿಯ ಲೆಕ್ಕ

(ಬೆಂಗಳೂರಿನ ಜಯನಗರದಲ್ಲಿ ಬೆಕ್ಕು ಸಾಕಿರುವ ಕುಟುಂಬಗಳಿಗಾಗಿ ಏರ್ಪಡಿಸಿದ್ದ ಭಾನುವಾರದ ಸಭೆಯಲ್ಲಿ ಪಶುವೈದ್ಯೆಯಾಗಿ ನಾನು ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಒಂದಿಷ್ಟು ಹಿಂದುಮುಂದಾಗಿದೆ. ಸಭೆಯಲ್ಲಿ ಕೇಳಿದ ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹಲವರ ಮನೆಯಲ್ಲಿ ಈಗಾಗಲೇ ಬೆಕ್ಕಿಗೆ ಎರಡು ಹೊತ್ತು ಇನ್ಸುಲಿನ್ ನಡೆಯುತ್ತಿದೆ. ಕೆಲವರಿಗೆ ಮೊನ್ನೆ ಮೊನ್ನೆಯಷ್ಟೇ ವಿಷಯ ಗೊತ್ತಾಗಿದೆ, ಮುಖದಲ್ಲಿ ಗಾಬರಿ ಇನ್ನೂ ಆರಿಲ್ಲ. ಇಬ್ಬರಿಗೂ ನಾನು ಹೇಳಬೇಕಾದ ಮಾತು ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಕ್ಕಿನ ಸಕ್ಕರೆ ಕಾಯಿಲೆಯಲ್ಲಿ ಊಟದ ಲೆಕ್ಕವೂ ಇನ್ಸುಲಿನ್ ಲೆಕ್ಕವೂ ಒಂದೇ ಪುಸ್ತಕದಲ್ಲಿರಬೇಕು. ಬಟ್ಟಲಲ್ಲಿ ಏನು ಬದಲಾದರೂ ಸೂಜಿಯ ಲೆಕ್ಕ ಏರುಪೇರಾಗುತ್ತದೆ. ಎಷ್ಟು ಏರುಪೇರಾಗಿದೆ ಎಂದು ನಂಬಿಕೆಯಿಂದ ಹೇಳಬಲ್ಲ ಜಾಗ ನಿಮ್ಮ ಮನೆ, ನನ್ನ ಕ್ಲಿನಿಕ್ ಅಲ್ಲ.

ಯಾಕೆ ಅಂದರೆ, ಬೆಕ್ಕು ಹೆದರಿದರೆ ಅದರ ಶುಗರ್ ಏರುತ್ತದೆ. ಬುಟ್ಟಿಯೊಳಗೆ ತುರುಕಿ, ಆಟೋ ಹತ್ತಿಸಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಹಾರ್ನ್ ಕೇಳಿಸಿ, ಆಮೇಲೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಬೊಗಳುವ ನಾಯಿಯ ಪಕ್ಕ ಕೂರಿಸಿದರೆ, ಯಾವ ಕಾಯಿಲೆಯೂ ಇಲ್ಲದ ಬೆಕ್ಕಿನ ಶುಗರ್ ಕೂಡ 300 ದಾಟಬಹುದು. ಆರೋಗ್ಯವಾಗಿರುವ ಬೆಕ್ಕಿಗೆ ಇರಬೇಕಾದದ್ದು ಸುಮಾರು 80ರಿಂದ 120. (ಇಲ್ಲಿ ಹೇಳುವ ಅಂಕಿಗಳೆಲ್ಲ ನಮ್ಮ ಮನೆಯ ಹಿರಿಯರ ರಿಪೋರ್ಟಿನಲ್ಲಿ ಬರುವಂಥವೇ, ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ.) ಹಾಗಾಗಿ ಕ್ಲಿನಿಕ್ಕಿನಲ್ಲಿ ಒಂದು ಸಲ ನೋಡಿದ ಅಂಕಿಯನ್ನು ಹಿಡಿದು ಬೆಕ್ಕಿಗೆ ಸಕ್ಕರೆ ಕಾಯಿಲೆ ಇದೆ ಎಂದು ತೀರ್ಮಾನಿಸಲು ಆಗುವುದಿಲ್ಲ. ಫ್ರಕ್ಟೋಸಮೈನ್ ಎಂಬ ಇನ್ನೊಂದು ಪರೀಕ್ಷೆ ಇದೆ. ಹಿಂದಿನ ಒಂದೆರಡು ವಾರ ಶುಗರ್ ಸರಾಸರಿ ಎಷ್ಟಿತ್ತು ಎಂದು ಅದು ಹೇಳುತ್ತದೆ, ಆ ಹೊತ್ತಿನ ಭಯ ಅದರಲ್ಲಿ ಸೇರುವುದಿಲ್ಲ. ಕಾಯಿಲೆ ಗಟ್ಟಿ ಮಾಡಿಕೊಳ್ಳುವ ಮುಂಚೆ ವೈದ್ಯರು ಅದನ್ನು ಬರೆದುಕೊಟ್ಟರೆ ದಯವಿಟ್ಟು ಮಾಡಿಸಿ. ಸಕ್ಕರೆ ಕಾಯಿಲೆ ಇಲ್ಲದ ಬೆಕ್ಕಿಗೆ ಇನ್ಸುಲಿನ್ ಕೊಡುವುದು ಪ್ರಾಣಕ್ಕೇ ಅಪಾಯ.

ಲಕ್ಷಣಗಳು ನಿಮಗೆಲ್ಲ ಗೊತ್ತಿರುವಂಥವೇ. ನೀರಿನ ಬಟ್ಟಲು ಬೇಗ ಖಾಲಿಯಾಗುತ್ತದೆ, ಲಿಟರ್ ತಟ್ಟೆಯಲ್ಲಿ, ಅಂದರೆ ಬೆಕ್ಕು ಮಲಮೂತ್ರ ಮಾಡುವ ಮರಳಿನ ತಟ್ಟೆಯಲ್ಲಿ, ಮೂತ್ರದ ಉಂಡೆಗಳು ದೊಡ್ಡದಾಗುತ್ತವೆ, ಚೆನ್ನಾಗಿ ತಿನ್ನುತ್ತಿದ್ದರೂ ಬೆನ್ನಿನ ಮೂಳೆ ಕೈಗೆ ಸಿಗಲು ಶುರುವಾಗುತ್ತದೆ. ಮೂತ್ರಕ್ಕೆ ಇರುವೆ ಮುತ್ತಿದ್ದನ್ನು ನೋಡಿ ಕರೆತಂದವರೂ ಇದ್ದಾರೆ. ರಕ್ತದ ಶುಗರ್ ಸುಮಾರು 250ರಿಂದ 290ರ ಆಸುಪಾಸು ದಾಟಿದ ಮೇಲೆ ಬೆಕ್ಕಿನ ಮೂತ್ರದಲ್ಲಿ ಸಕ್ಕರೆ ಇಳಿಯುತ್ತದೆ. ನಾಯಿಯಲ್ಲೂ ಮನುಷ್ಯರಲ್ಲೂ ಇದು ಸುಮಾರು 180ಕ್ಕೇ ಶುರುವಾಗುತ್ತದೆ. ಅಂದರೆ ಬೆಕ್ಕಿನಲ್ಲಿ ಲಕ್ಷಣ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಸಾಕಷ್ಟು ಮುಂದೆ ಹೋಗಿರುತ್ತದೆ. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗುತ್ತವೆ. ಮಹಡಿಯಿಂದ ಬಿದ್ದು ಪೆಟ್ಟಾಗಿದೆ ಎಂದುಕೊಂಡು ಬರುವವರೇ ಹೆಚ್ಚು. ಅದು ಶುಗರ್ ಏರಿ ನರಗಳು ಸೊರಗಿರುವುದರ ಗುರುತು. ಶುಗರ್ ಹತೋಟಿಗೆ ಬಂದರೆ ನಿಧಾನಕ್ಕೆ ಸರಿಹೋಗುವ ಸಾಧ್ಯತೆ ಇದೆ.

ಯಾವ ಬೆಕ್ಕಿಗೆ ಬರುತ್ತದೆ? ಮಧ್ಯವಯಸ್ಸು ದಾಟಿದ, ಮರಿಯಾಗದಂತೆ ಆಪರೇಷನ್ ಮಾಡಿಸಿದ, ಫ್ಲ್ಯಾಟಿನೊಳಗೇ ಇರುವ, ಮೈ ತುಂಬಿಕೊಂಡ ಗಂಡು ಬೆಕ್ಕಿಗೆ ಹೆಚ್ಚು. ಇದು ಮನುಷ್ಯರ ಎರಡನೇ ಬಗೆಯ ಮಧುಮೇಹವನ್ನೇ ಹೋಲುತ್ತದೆ. ದಪ್ಪವಾದ ಮೈ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ, ಮೇದೋಜೀರಕ ಗ್ರಂಥಿ ದುಡಿದು ದುಡಿದು ಸೋಲುತ್ತದೆ. ಚರ್ಮದ ತುರಿಕೆಗೋ ಉಬ್ಬಸಕ್ಕೋ ಪದೇ ಪದೇ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರೂ ಬರಬಹುದು. ಹಾಗೆ ಹಾಕಿಸಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಈಗ ಬಟ್ಟಲಿಗೆ ಬರೋಣ. ಇಲ್ಲಿ ನಿಧಾನವಾಗಿ ಹೋಗಬೇಕು, ಏಕೆಂದರೆ ನಮ್ಮ ಊರಿನ ಮನೆಗಳಲ್ಲಿ ಬೆಕ್ಕು ಏನು ತಿನ್ನುತ್ತದೆ ಎಂಬುದರಲ್ಲೇ ಅರ್ಧ ಕಾಯಿಲೆ ಇದೆ.

ಬೆಕ್ಕು ಅಪ್ಪಟ ಮಾಂಸಾಹಾರಿ. ಅದರ ಎಂಜಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇಲ್ಲ. ಊಟವಾದ ತಕ್ಷಣ ನುಗ್ಗುವ ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದರ ಲಿವರಿಗೆ ಕಡಿಮೆ. ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗುವುದಿಲ್ಲ. ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ವಂಶವಾಹಿ ಬೆಕ್ಕಿನ ಕುಲದಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನು 2005ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ನಿಮ್ಮ ಬೆಕ್ಕು ಮೊಸರನ್ನಕ್ಕೆ ಓಡಿ ಬರುತ್ತದಲ್ಲ, ಅದು ಮೊಸರಿನ ಕೊಬ್ಬಿಗೆ, ವಾಸನೆಗೆ. ಅನ್ನ ಅದರ ಜೊತೆಗೆ ಹೊಟ್ಟೆಗೆ ಇಳಿಯುತ್ತದೆ.

ಆ ಅನ್ನದ ಲೆಕ್ಕ ಹಾಕೋಣ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಬೇಕಾದದ್ದು ಹೆಚ್ಚುಕಡಿಮೆ 200 ಕ್ಯಾಲೊರಿ. ಶುಗರ್ ಇರುವ ಬೆಕ್ಕಿನ ಊಟದಲ್ಲಿ ಪಿಷ್ಟ, ಸಕ್ಕರೆಗಳಿಂದ ಬರುವ ಕ್ಯಾಲೊರಿ ನೂರಕ್ಕೆ 12ರೊಳಗೆ ಇರಲಿ ಎಂದು ನಾವು ನೋಡುತ್ತೇವೆ. 200ರಲ್ಲಿ ನೂರಕ್ಕೆ 12 ಪಾಲು ಅಂದರೆ 24 ಕ್ಯಾಲೊರಿ, ಗ್ರಾಂಗೆ ನಾಲ್ಕು ಕ್ಯಾಲೊರಿಯಂತೆ ಇಡೀ ದಿನಕ್ಕೆ ಆರು ಗ್ರಾಂ ಪಿಷ್ಟ. ಬೆಂದ ಅನ್ನ 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ 28 ಗ್ರಾಂ ಪಿಷ್ಟವಿದೆ. ಒಂದು ಸಣ್ಣ ಹಿಡಿ, 50 ಗ್ರಾಂ, ಕಲಸಿ ಹಾಕಿದರೂ 14 ಗ್ರಾಂ ಆಯಿತು. ಎರಡು ದಿನದ ಪಾಲು ಒಂದೇ ಹೊತ್ತಿನಲ್ಲಿ ಮುಗಿದುಹೋಯಿತು. ಹಾಲಿನಲ್ಲೂ 100 ಮಿಲಿಗೆ ಐದು ಗ್ರಾಂನಷ್ಟು ಸಕ್ಕರೆ ಇದೆ, ನೀವು ಸಕ್ಕರೆ ಹಾಕದಿದ್ದರೂ. ರಾಗಿ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ನಮಗೆ ಒಳ್ಳೆಯದು. ಬೆಕ್ಕಿನ ಮಟ್ಟಿಗೆ ರಾಗಿಯೂ ಪಿಷ್ಟವೇ, ದೋಸೆಯ ತುಂಡೂ ಪಿಷ್ಟವೇ, ಸಂಜೆ ಚಹಾ ಜೊತೆ ಮುರಿದು ಹಾಕುವ ಬಿಸ್ಕತ್ತೂ ಪಿಷ್ಟವೇ.

ಅನ್ನ ಹಾಕುವುದಿಲ್ಲ, ಅಂಗಡಿಯ ಡ್ರೈ ಫುಡ್ ಮಾತ್ರ ಕೊಡುತ್ತೇವೆ ಅನ್ನುವವರು ಪ್ಯಾಕೆಟ್ ತಿರುಗಿಸಿ ಹಿಂಬದಿ ಓದಿ. ಪಿಷ್ಟ ಎಷ್ಟು ಎಂದು ಅಲ್ಲಿ ಬರೆದಿರುವುದು ಅಪರೂಪ. ನೀವೇ ಕಳೆಯಬೇಕು. ನೂರರಿಂದ ಪ್ರೋಟೀನ್, ಕೊಬ್ಬು, ನಾರು, ಬೂದಿ (ಪ್ಯಾಕೆಟ್ಟಿನಲ್ಲಿ ‘ಆ್ಯಶ್’ ಎಂದಿರುತ್ತದೆ, ಖನಿಜಾಂಶ), ತೇವಾಂಶ ಐದನ್ನೂ ಕಳೆದರೆ ಉಳಿಯುವುದು ಪಿಷ್ಟ. ಬೂದಿಯ ಅಂಕಿ ಕೊಟ್ಟಿರದಿದ್ದರೆ ಡ್ರೈ ಫುಡ್ಡಿಗೆ 8, ವೆಟ್ ಫುಡ್ಡಿಗೆ 2 ಎಂದು ಇಟ್ಟುಕೊಳ್ಳಿ. ಉದಾಹರಣೆಗೆ ಪ್ರೋಟೀನ್ 32, ಕೊಬ್ಬು 12, ನಾರು 4, ಬೂದಿ 8, ತೇವ 10 ಇರುವ ಒಂದು ಡ್ರೈ ಫುಡ್. ಕೂಡಿದರೆ 66, ಉಳಿದ 34 ಪಿಷ್ಟ. ಇದನ್ನು ಕ್ಯಾಲೊರಿಗೆ ತಿರುಗಿಸಲು ಪ್ರೋಟೀನನ್ನೂ ಪಿಷ್ಟವನ್ನೂ ಮೂರೂವರೆಯಿಂದ, ಕೊಬ್ಬನ್ನು ಎಂಟೂವರೆಯಿಂದ ಗುಣಿಸಿ (ಪ್ಯಾಕೆಟ್ ಊಟಕ್ಕೆ ಬಳಸುವ ಅಂಕಿಗಳಿವು, ಮನೆಯ ಅನ್ನದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ). 112, 119, 102 ಬರುತ್ತದೆ, ಒಟ್ಟು 333. ಅದರಲ್ಲಿ ಪಿಷ್ಟದ ಪಾಲು 119, ನೂರಕ್ಕೆ 36. ನಾವು ಹೇಳಿದ್ದು 12ರೊಳಗೆ. ಪ್ಯಾಕೆಟ್ಟಿನ ಮುಂದೆ ಎಷ್ಟು ದೊಡ್ಡ ಮೀನಿನ ಚಿತ್ರ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಇನ್ನು ಪೌಚಿನಲ್ಲಿ ಬರುವ ವೆಟ್ ಫುಡ್. ಪ್ರೋಟೀನ್ 10, ಕೊಬ್ಬು 4, ನಾರು ಅರ್ಧ, ಬೂದಿ 2, ತೇವ 82 ಇದ್ದರೆ ಉಳಿಯುವ ಪಿಷ್ಟ ಒಂದೂವರೆ. ಕ್ಯಾಲೊರಿಯಲ್ಲಿ ಅದರ ಪಾಲು ನೂರಕ್ಕೆ 7. ಇದು ನಡೆಯುತ್ತದೆ. ಆದರೆ ಅದೇ ಕಪಾಟಿನಲ್ಲಿ ಗ್ರೇವಿ ಇರುವ ಇನ್ನೊಂದು ಪೌಚ್ ಇರುತ್ತದೆ, ಪ್ರೋಟೀನ್ 8, ಕೊಬ್ಬು ಎರಡೂವರೆ, ನಾರು 1, ಬೂದಿ 2, ತೇವ ಅದೇ 82. ಇಲ್ಲಿ ಉಳಿಯುವ ಪಿಷ್ಟ ನಾಲ್ಕೂವರೆ, ಕ್ಯಾಲೊರಿಯಲ್ಲಿ ನೂರಕ್ಕೆ 24. ಗ್ರೇವಿ ಗಟ್ಟಿಯಾಗಲೆಂದು ಬೆರೆಸಿದ ಹಿಟ್ಟು ಅದು. ಆದ್ದರಿಂದ ‘ವೆಟ್ ಫುಡ್ ಕೊಡಿ’ ಎಂದಷ್ಟೇ ಹೇಳಿದರೆ ಸಾಲದು, ಯಾವ ವೆಟ್ ಫುಡ್ ಎಂದು ನೋಡಬೇಕು. ಪ್ಯಾಕೆಟ್ಟಿನ ಅಂಕಿಗಳು ‘ಕನಿಷ್ಠ ಇಷ್ಟು, ಗರಿಷ್ಠ ಇಷ್ಟು’ ಎಂಬ ರೀತಿಯವು, ಹಾಗಾಗಿ ಲೆಕ್ಕ ಅಂದಾಜಿನದ್ದು. ಎರಡು ಪ್ಯಾಕೆಟ್ಟುಗಳನ್ನು ಹೋಲಿಸಿ ಒಂದನ್ನು ಆರಿಸಲು ಧಾರಾಳವಾಗಿ ಸಾಕು.

ಹಾಗಾದರೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಿಂದ ಮೀನು, ಕೋಳಿ ತಂದು ಬೇಯಿಸಿ ಹಾಕಿದರಾಗದೇ? ಪಿಷ್ಟದ ಮಟ್ಟಿಗೆ ಅದು ಸೊನ್ನೆ, ಒಪ್ಪಿದೆ. ಆದರೆ ಬರೀ ಬೇಯಿಸಿದ ಕೋಳಿ ಪೂರ್ಣ ಊಟವಲ್ಲ. ಮೂಳೆ ತೆಗೆದ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಟಾರಿನ್ ಎಂಬ ಅಂಶ ಬೆಕ್ಕಿಗೆ ಊಟದಿಂದಲೇ ಸಿಗಬೇಕು, ಬೇಯಿಸಿದ ನೀರು ಚೆಲ್ಲಿದರೆ ಅದರಲ್ಲಿ ದೊಡ್ಡ ಪಾಲು ಹೋಗಿಬಿಡುತ್ತದೆ. ಟಾರಿನ್ ಸಾಲದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಎಂಬುದು 1987ರಲ್ಲಿ ಪತ್ತೆಯಾದದ್ದು, ಆಮೇಲೆಯೇ ಕಂಪನಿಗಳು ಕ್ಯಾಟ್ ಫುಡ್ಡಿನಲ್ಲಿ ಅದನ್ನು ಹೆಚ್ಚಿಸಿದ್ದು. ಕೋಳಿಯನ್ನು ಬಹುಮಾನವಾಗಿ ಕೊಡಿ, ಚೂರು ಚೂರು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ತುಂಡು ಮಾತ್ರ ಬೇಡವೇ ಬೇಡ, ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಪೂರ್ತಿ ಮನೆಯ ಊಟವನ್ನೇ ಕೊಡುತ್ತೇನೆ ಅನ್ನುವವರು ವೈದ್ಯರ ಹತ್ತಿರ ಕೂತು ಪಟ್ಟಿ ಮಾಡಿಸಿಕೊಳ್ಳಿ. ಕಿಡ್ನಿ ತೊಂದರೆಯೂ ಇರುವ ಬೆಕ್ಕಾದರೆ ಹೆಚ್ಚು ಪ್ರೋಟೀನಿನ ಈ ಮಾತುಗಳನ್ನು ಹಾಗೆಯೇ ತೆಗೆದುಕೊಳ್ಳಬೇಡಿ, ಅದರ ಊಟದ ತೀರ್ಮಾನ ಬೇರೆಯೇ ಆಗಬೇಕು.

ಇಷ್ಟು ಕೇಳಿದ ಮೇಲೆ ಇವತ್ತು ರಾತ್ರಿಯೇ ಹಳೆಯ ಡ್ರೈ ಫುಡ್ ಎಸೆದು ನಾಳೆಯಿಂದ ಪೌಚ್ ಶುರು ಮಾಡೋಣ ಎಂದು ಹಲವರಿಗೆ ಅನ್ನಿಸಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್ಸುಲಿನ್ ನಡೆಯುತ್ತಿರುವ ಬೆಕ್ಕಿಗೆ ಪಿಷ್ಟವನ್ನು ಒಮ್ಮೆಗೇ ಇಳಿಸಿದರೆ ಶುಗರ್ ಧಡಕ್ಕನೆ ಬೀಳಬಹುದು. ಮೊಸರನ್ನದ ಮೇಲೆ ಗೊತ್ತುಮಾಡಿದ ಡೋಸ್, ಪೌಚಿನ ಮೇಲೆ ಕೊಟ್ಟಾಗ ಅತಿಯಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಊಟ ಸುಧಾರಿಸಿ, ಹಳೆಯ ಡೋಸನ್ನೇ ಹಾಕಿ, ಬೆಳಗಿನ ಜಾವ ಫಿಟ್ಸ್ ಬಂದ ಬೆಕ್ಕನ್ನು ಎತ್ತಿಕೊಂಡು ಓಡಿ ಬಂದ ಮನೆಯವರನ್ನು ನಾನು ನೋಡಿದ್ದೇನೆ. ಊಟ ಬದಲಿಸುವ ಮುಂಚೆ ವೈದ್ಯರಿಗೆ ಹೇಳಿ. ಡೋಸ್ ಇಳಿಸಬೇಕಾಗಬಹುದು. ಒಂದೆರಡು ವಾರದಲ್ಲಿ ಹಳೆಯದನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬನ್ನಿ, ಆ ದಿನಗಳಲ್ಲಿ ರಕ್ತ ಪರೀಕ್ಷೆ ಹೆಚ್ಚು ಸಲ ಮಾಡಿ. ಹೊಸ ಊಟ ಮುಟ್ಟದಿದ್ದರೆ ಹಸಿದಾಗ ತಾನೇ ತಿನ್ನುತ್ತದೆ ಎಂದು ಹಟ ಹಿಡಿಯಬೇಡಿ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಲಿವರಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೆ ಬರುತ್ತದೆ, ದಪ್ಪ ಬೆಕ್ಕಿಗೆ ಇನ್ನೂ ಬೇಗ. ತೂಕ ಇಳಿಸುವುದೂ ನಿಧಾನಕ್ಕೇ ಆಗಲಿ, ವಾರಕ್ಕೆ ನೂರಕ್ಕೆ ಒಂದು ಪಾಲು ಇಳಿದರೆ ಚೆನ್ನಾಗಿಯೇ ಇಳಿಯುತ್ತಿದೆ ಎಂದರ್ಥ.

ಸೂಜಿಯ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಮುಚ್ಚಳದ ಬಣ್ಣ. ನಮ್ಮ ದೇಶದ ಮೆಡಿಕಲ್ ಶಾಪುಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಸಿಗುತ್ತವೆ. ಕೆಂಪು ಮುಚ್ಚಳದ್ದು ಯು-40, ಒಂದು ಮಿಲಿಯಲ್ಲಿ 40 ಯೂನಿಟ್ ಇರುವ ಇನ್ಸುಲಿನ್ನಿಗೆ. ಕಿತ್ತಳೆ ಮುಚ್ಚಳದ್ದು ಯು-100, ಒಂದು ಮಿಲಿಯಲ್ಲಿ 100 ಯೂನಿಟ್ ಇರುವುದಕ್ಕೆ. ಬೆಕ್ಕುಗಳಿಗೆ ನಾವು ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಯು-100 ಬಗೆಯದು. ನಮ್ಮ ಬೆಂಗಳೂರಿನದೇ ಕಂಪನಿ ಬಯೋಕಾನ್ ಬೇಸಲಾಗ್ ಹೆಸರಿನಲ್ಲಿ ಅದನ್ನು ತಯಾರಿಸುತ್ತದೆ, ಸನೋಫಿಯ ಲ್ಯಾಂಟಸ್ ಕೂಡ ಅದೇ ಔಷಧಿ. ಈ ಗ್ಲಾರ್ಜಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ‘ಒಂದು’ ಎಂಬ ಗೆರೆಯವರೆಗೆ ಎಳೆದರೆ ಒಳಗೆ ಬಂದಿರುವುದು ಎರಡೂವರೆ ಯೂನಿಟ್. ಬೆಕ್ಕಿಗೆ ಸಾಮಾನ್ಯವಾಗಿ ಶುರು ಮಾಡುವುದೇ ಹೊತ್ತಿಗೆ ಒಂದು ಯೂನಿಟ್ಟಿನಿಂದ, ಚಿಕ್ಕ ಬೆಕ್ಕಿಗೆ ಅದಕ್ಕೂ ಕಡಿಮೆ. ಅಷ್ಟು ಪುಟ್ಟ ದೇಹಕ್ಕೆ ಎರಡೂವರೆ ಪಟ್ಟು ಔಷಧಿ ಹೋದರೆ ಏನಾಗುತ್ತದೆ ಎಂದು ಯೋಚಿಸಿ. ಇದಕ್ಕೆ ತಿರುಗುಮುರುಗಾಗಿ, ಯು-40 ಇನ್ಸುಲಿನ್ನನ್ನು ಕಿತ್ತಳೆ ಸಿರಿಂಜಿನಲ್ಲಿ ಎಳೆದರೆ ಅರ್ಧಕ್ಕಿಂತ ಕಡಿಮೆ ಹೋಗುತ್ತದೆ, ಶುಗರ್ ಇಳಿಯುವುದೇ ಇಲ್ಲ. ಅಂಗಡಿಯಲ್ಲಿ ‘ಇನ್ಸುಲಿನ್ ಸಿರಿಂಜ್ ಕೊಡಿ’ ಎಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ, ಅವರ ತಪ್ಪೂ ಅಲ್ಲ. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡನ್ನೂ ಪಕ್ಕಪಕ್ಕ ಹಿಡಿದು ಓದಿ, ಪ್ರತಿ ಸಲ ಹೊಸ ಪ್ಯಾಕೆಟ್ ತಂದಾಗಲೂ. ಯು-100ರಲ್ಲಿ 0.3 ಮಿಲಿಯ, ಅರ್ಧ ಯೂನಿಟ್ಟಿಗೂ ಗೆರೆ ಇರುವ ಸಿರಿಂಜ್ ಸಿಕ್ಕರೆ ಬೆಕ್ಕಿಗೆ ಅದೇ ಸರಿ.

ಇನ್ಸುಲಿನ್ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಿ ಬೇಡ. ಕುಲುಕಬೇಡಿ. ಗ್ಲಾರ್ಜಿನ್ ತಿಳಿನೀರಿನ ಹಾಗಿರಬೇಕು, ಮಬ್ಬಾಗಿದ್ದರೆ ಎಸೆಯಿರಿ. ಸೂಜಿ ಚರ್ಮದೊಳಗೆ ಹೋಯಿತೋ ತುಪ್ಪಳದ ಮೇಲೆ ಸುರಿಯಿತೋ ಅನುಮಾನ ಬಂದರೆ ಇನ್ನೊಂದು ಸಲ ಚುಚ್ಚಬೇಡಿ. ಒಂದು ಹೊತ್ತು ತಪ್ಪಿದರೆ ಬೆಕ್ಕಿಗೆ ಏನೂ ಆಗುವುದಿಲ್ಲ. ಎರಡು ಡೋಸ್ ಬಿದ್ದರೆ ಆಗುತ್ತದೆ.

ಈಗ ರಕ್ತ ತೆಗೆಯುವುದು. ನನ್ನಿಂದಾಗದು ಎಂದು ಎಲ್ಲರೂ ಮೊದಲು ಹೇಳುವುದು ಇದಕ್ಕೇ, ಆಮೇಲೆ ಎಲ್ಲರೂ ಮಾಡುತ್ತಾರೆ.

ಬೆಕ್ಕಿನ ಕಿವಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಅಂಚಿನ ಉದ್ದಕ್ಕೂ ಒಂದು ಸಣ್ಣ ರಕ್ತನಾಳ ಓಡುತ್ತದೆ. ಚುಚ್ಚಬೇಕಾದದ್ದು ಆ ನಾಳಕ್ಕೂ ಕಿವಿಯ ಅಂಚಿಗೂ ನಡುವಿನ ಕಿರಿದಾದ ಜಾಗದಲ್ಲಿ. ಡಿಸೆಂಬರಿನ ಬೆಳಿಗ್ಗೆ ಕಿವಿ ತಣ್ಣಗಿದ್ದರೆ ರಕ್ತ ಬರುವುದಿಲ್ಲ, ಮೊದಲು ಬಿಸಿ ಮಾಡಬೇಕು. ಒಂದು ಚಿಕ್ಕ ಬಟ್ಟೆಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಕಿವಿಗೆ ಒತ್ತಿ ಹಿಡಿಯಿರಿ. ಕವರ್ ಯಾಕೆಂದರೆ ಕಿವಿ ಒದ್ದೆಯಾದರೆ ರಕ್ತ ನೀರಿನ ಜೊತೆ ಹರಡಿಬಿಡುತ್ತದೆ. ಸ್ಪಿರಿಟ್ ಹಚ್ಚಬೇಡಿ, ಅದರ ವಾಸನೆ ಬೆಕ್ಕಿಗೆ ಆಗದು, ಒಣಗದೆ ಉಳಿದರೆ ಅಂಕಿಯೂ ಕೆಡುತ್ತದೆ. ತುದಿಬೆರಳಿನಲ್ಲಿ ಒಂಚೂರು ವ್ಯಾಸಲೀನ್ ತೆಗೆದು ಆ ಜಾಗಕ್ಕೆ ತೆಳ್ಳಗೆ ಸವರಿದರೆ ರಕ್ತ ತುಪ್ಪಳಕ್ಕೆ ಇಳಿಯದೆ ದುಂಡಗೆ ನಿಲ್ಲುತ್ತದೆ. ಸ್ಟ್ರಿಪ್ಪನ್ನು ಮೊದಲೇ ಮೀಟರಿಗೆ ಸಿಕ್ಕಿಸಿಟ್ಟುಕೊಳ್ಳಿ. ಕಿವಿಯ ಹಿಂದೆ ಹತ್ತಿಯ ಉಂಡೆ ಇಟ್ಟು ಆಸರೆ ಕೊಡಿ, ಇಲ್ಲದಿದ್ದರೆ ಲ್ಯಾನ್ಸೆಟ್, ಅಂದರೆ ಚುಚ್ಚುವ ಪುಟ್ಟ ಸೂಜಿ, ಆಚೆ ತೂರಿ ನಿಮ್ಮ ಬೆರಳಿಗೇ ಚುಚ್ಚುತ್ತದೆ. ಒಂದೇ ಚುಚ್ಚು, ಹಿಂಜರಿಯದೆ. ಸಾಸಿವೆ ಕಾಳಿನಷ್ಟು ರಕ್ತ ಬಂದರೆ ಸಾಕು, ಸ್ಟ್ರಿಪ್ಪಿನ ತುದಿ ಅದನ್ನು ಮುಟ್ಟಿದರೆ ತಾನೇ ಎಳೆದುಕೊಳ್ಳುತ್ತದೆ. ಆಮೇಲೆ ಹತ್ತಿಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಕೋಳಿಯ ಚೂರು ಕೊಡಿ. ಮೊದಮೊದಲು ರಕ್ತ ಬಾರದಿದ್ದರೆ ಒಂದೆರಡು ಸಲ ನೋಡಿ ಬಿಟ್ಟುಬಿಡಿ, ಆದರೆ ಕೋಳಿಯ ಚೂರನ್ನು ಆಗಲೂ ಕೊಡಿ. ಕೆಲವು ವಾರಗಳಲ್ಲಿ ಚುಚ್ಚಿದ ಅಂಚಿನಲ್ಲಿ ಸಣ್ಣ ನಾಳಗಳು ಬೆಳೆದು ರಕ್ತ ಸುಲಭವಾಗಿ ಬರತೊಡಗುತ್ತದೆ, ಬೆಕ್ಕು ತಾನೇ ಬಂದು ಕೂರುವ ಮನೆಗಳೂ ಇವೆ.

ಮನುಷ್ಯರ ಗ್ಲುಕೋಮೀಟರ್ ಆಗುತ್ತದೆಯೇ? ಆಗುತ್ತದೆ, ಒಂದು ವಿಷಯ ತಿಳಿದಿದ್ದರೆ. ಮನುಷ್ಯರ ರಕ್ತದಲ್ಲಿ ಗ್ಲುಕೋಸಿನ ದೊಡ್ಡ ಪಾಲು ಕೆಂಪು ಕಣಗಳೊಳಗೂ ಇರುತ್ತದೆ. ಬೆಕ್ಕಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಣಗಳ ಹೊರಗಿನ ದ್ರವದಲ್ಲೇ ಇರುತ್ತದೆ. ಮನುಷ್ಯರ ಲೆಕ್ಕಕ್ಕೆ ಹೊಂದಿಸಿದ ಮೀಟರ್ ಬೆಕ್ಕಿನ ಶುಗರನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುವುದು ಸಾಮಾನ್ಯ. ಆಲ್ಫಾಟ್ರ್ಯಾಕ್‌ನಂಥ ಪ್ರಾಣಿಗಳ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮನೆಯಲ್ಲಿರುವುದೇ ಸಾಕು. ಆದರೆ ಯಾವುದನ್ನು ಹಿಡಿದಿರೋ ಅದನ್ನೇ ಹಿಡಿದುಕೊಂಡಿರಿ, ಯಾವ ಮೀಟರ್ ಎಂದು ವೈದ್ಯರಿಗೂ ತಿಳಿಸಿ. ಕಡಿಮೆ ಅಂಕಿ ಬಂದಾಗ ‘ಮೀಟರೇ ಕಡಿಮೆ ತೋರಿಸುತ್ತದಲ್ಲ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಕಡಿಮೆ ಎಂದೇ ನಂಬಿ.

ದಿನವೂ ನೋಡಬೇಕಾದದ್ದು ಬೆಳಿಗ್ಗೆ, ರಾತ್ರಿ, ಊಟಕ್ಕೂ ಸೂಜಿಗೂ ಮುಂಚೆ. ಆ ಅಂಕಿ ಒಂದರಿಂದಲೇ ಡೋಸ್ ಸರಿಯೇ ತಪ್ಪೇ ಎಂದು ತಿಳಿಯುವುದಿಲ್ಲ. ಸೂಜಿ ಹಾಕಿದ ಮೇಲೆ ಶುಗರ್ ಎಷ್ಟು ಕೆಳಗೆ ಇಳಿಯಿತು, ಯಾವ ಹೊತ್ತಿಗೆ ಇಳಿಯಿತು ಎಂಬುದು ಮುಖ್ಯ. ಅದಕ್ಕೆ ಒಂದು ರಜೆಯ ದಿನ ಬೆಳಗಿನಿಂದ ರಾತ್ರಿಯ ಸೂಜಿಯವರೆಗೆ ಎರಡೆರಡು ಗಂಟೆಗೊಮ್ಮೆ ನೋಡಿ ಬರೆದಿಡಿ. ತೀರಾ ಕೆಳಗಿನ ಅಂಕಿ 80ರಿಂದ 150ರ ನಡುವೆ, ತೀರಾ ಮೇಲಿನದು 300ರ ಒಳಗೆ ಇದ್ದರೆ ನಿಮ್ಮ ಬೆಕ್ಕು ಚೆನ್ನಾಗಿದೆ. ಮನುಷ್ಯರ ಹಾಗೆ ಎಲ್ಲ ಹೊತ್ತೂ 120 ಇರಬೇಕು ಎಂಬ ಆಸೆ ಬೇಡ. ಬೆಳಿಗ್ಗೆ 340 ಬಂತು ಎಂದು ಅವತ್ತೇ ಡೋಸ್ ಏರಿಸುವವರಿಗೆ ನಾನು ಕೈಮುಗಿದು ಹೇಳುತ್ತೇನೆ, ಏರಿಸಬೇಡಿ. ಒಂದು ಡೋಸಿಗೆ ದೇಹ ಹೊಂದಿಕೊಳ್ಳಲು ಐದರಿಂದ ಏಳು ದಿನ ಬೇಕು. ಇಳಿಸುವುದಕ್ಕಾದರೆ ಕಾಯಬೇಕಿಲ್ಲ, 80ಕ್ಕಿಂತ ಕೆಳಗೆ ಹೋದರೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ.

ಪದೇ ಪದೇ ಚುಚ್ಚಲು ಆಗದ ಬೆಕ್ಕಿಗೆ ಫ್ರೀಸ್ಟೈಲ್ ಲಿಬ್ರೆ ಎಂಬ ಸೆನ್ಸರ್ ಇದೆ. ಮನುಷ್ಯರಿಗೆಂದು ಮಾಡಿದ್ದು, ನಾವು ತುಪ್ಪಳ ಬೋಳಿಸಿ ಬೆಕ್ಕಿನ ಭುಜದ ಹಿಂದೆ ಅಂಟಿಸುತ್ತೇವೆ. ಹಗಲೂ ರಾತ್ರಿ ಶುಗರ್ ಹೇಗೆ ಓಡುತ್ತದೆ ಎಂಬ ಚಿತ್ರ ಸಿಗುತ್ತದೆ, ಡೋಸ್ ಗೊತ್ತುಮಾಡುವ ಮೊದಲ ವಾರಗಳಲ್ಲಿ ತುಂಬ ಉಪಯೋಗ. 14 ದಿನ ಎಂದು ಹೇಳಿದರೂ ಬೆಕ್ಕಿನ ಮೈಮೇಲೆ ಅಷ್ಟು ದಿನ ಉಳಿಯುವುದು ಕಷ್ಟ. ಅದು ಅಳೆಯುವುದು ಚರ್ಮದಡಿಯ ದ್ರವವನ್ನು, ಹಾಗಾಗಿ ರಕ್ತಕ್ಕಿಂತ ಸ್ವಲ್ಪ ಹಿಂದೆ ಇರುತ್ತದೆ. ಸೆನ್ಸರ್ ತೀರಾ ಕಡಿಮೆ ತೋರಿಸಿದರೆ ಕಿವಿಯ ರಕ್ತದಲ್ಲಿ ಇನ್ನೊಮ್ಮೆ ನೋಡಿ.

ಶುಗರ್ ಬಿದ್ದಾಗ ಏನು ಮಾಡಬೇಕೆಂಬುದನ್ನು ಕಾಗದದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ಮನೆಗೆಲಸದವರಿಗೂ ಮಕ್ಕಳಿಗೂ ಓದಿಸಿ. ತೂರಾಡುವುದು, ಮಂಕಾಗಿ ಮೂಲೆ ಸೇರುವುದು, ಕಣ್ಣಿನ ಪಾಪೆ ದೊಡ್ಡದಾಗುವುದು, ಇದ್ದಕ್ಕಿದ್ದಂತೆ ವಿಪರೀತ ಹಸಿವು, ಕೊನೆಗೆ ಫಿಟ್ಸ್. ಅಂಕಿ 60ಕ್ಕಿಂತ ಕೆಳಗಿದ್ದರೆ, ಅಥವಾ ಲಕ್ಷಣ ಇದ್ದು ಮೀಟರ್ ಕೈಗೆ ಸಿಗದಿದ್ದರೆ, ಹುಡುಕುತ್ತಾ ಕೂರಬೇಡಿ. ತಿನ್ನುವ ಸ್ಥಿತಿಯಲ್ಲಿದ್ದರೆ ತಕ್ಷಣ ಊಟ ಕೊಡಿ. ತಿನ್ನದಿದ್ದರೆ ಜೇನುತುಪ್ಪವನ್ನೋ ಗ್ಲುಕೋಸ್ ಪುಡಿಯ ಗಟ್ಟಿ ಪಾಕವನ್ನೋ ಬೆರಳಿಗೆ ತೆಗೆದು ವಸಡಿಗೆ ಸವರಿ. ಫಿಟ್ಸ್ ಬರುತ್ತಿರುವಾಗ ಹಲ್ಲಿನ ನಡುವೆ ಬೆರಳು ಹೋಗದಂತೆ ಎಚ್ಚರ. ಪ್ರಜ್ಞೆ ಇಲ್ಲದ ಬೆಕ್ಕಿನ ಬಾಯಿಗೆ ನೀರು, ಹಾಲು, ಪಾಕ ಏನನ್ನೂ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಸವರುತ್ತಲೇ ಆಸ್ಪತ್ರೆಗೆ ಹೊರಡಿ. ಎದ್ದು ಓಡಾಡಿತು ಎಂದು ಅರ್ಧ ದಾರಿಯಿಂದ ವಾಪಸಾಗಬೇಡಿ. ಜೇನುತುಪ್ಪ ಬೇಗ ಮುಗಿಯುತ್ತದೆ, ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಿರುತ್ತದೆ.

ಇದರ ಇನ್ನೊಂದು ತುದಿ ಕೀಟೋನ್, ಇನ್ಸುಲಿನ್ ಸಾಲದಾದಾಗ ದೇಹ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುವ ಆಮ್ಲದಂಥ ವಸ್ತು. ಊಟ ಬಿಟ್ಟು, ವಾಂತಿ ಮಾಡಿಕೊಂಡು, ಸುಸ್ತಾಗಿ ಬಿದ್ದಿರುವ ಬೆಕ್ಕಿನ ಮೂತ್ರಕ್ಕೆ ಕೀಟೋನ್ ಸ್ಟ್ರಿಪ್ ಅದ್ದಿ ನೋಡಿ. ಬಣ್ಣ ತಿರುಗಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಮೂತ್ರದ ಸಕ್ಕರೆ ನೋಡಿ ಮಾತ್ರ ಡೋಸ್ ಏರಿಸಬಾರದು. ವಾರಕ್ಕೊಮ್ಮೆ ತೂಕ, ದಿನಕ್ಕೆ ಕುಡಿದ ನೀರು, ಇವೆರಡನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಶುಗರ್ ಹತೋಟಿಗೆ ಬರುತ್ತಿದೆ ಎಂದು ನೀರಿನ ಬಟ್ಟಲು ಎಷ್ಟೋ ಸಲ ಮೀಟರಿಗಿಂತ ಮೊದಲೇ ಹೇಳುತ್ತದೆ.

ಇಷ್ಟೆಲ್ಲ ಪಾಡು ಯಾಕೆ ಎಂದರೆ, ಬೆಕ್ಕಿಗೆ ನಾಯಿಗಿಲ್ಲದ ಒಂದು ಅವಕಾಶ ಇದೆ. ಕಾಯಿಲೆ ಬೇಗ ಗೊತ್ತಾಗಿ, ಪಿಷ್ಟ ಇಳಿದು, ಇನ್ಸುಲಿನ್ ಕ್ರಮವಾಗಿ ನಡೆದು, ತೂಕ ತಹಬಂದಿಗೆ ಬಂದರೆ ಕೆಲವು ಬೆಕ್ಕುಗಳ ಗ್ರಂಥಿ ಮತ್ತೆ ಚೇತರಿಸಿಕೊಳ್ಳುತ್ತದೆ. ಸೂಜಿ ನಿಲ್ಲಿಸಿ ನಾಲ್ಕು ವಾರ ಕಳೆದರೂ ಶುಗರ್ ಸರಿಯಾಗಿಯೇ ಇದ್ದರೆ ಅದನ್ನು ರೆಮಿಷನ್ ಎನ್ನುತ್ತೇವೆ. ಮೊದಲ ಆರು ತಿಂಗಳಲ್ಲಿ ಅದರ ಸಾಧ್ಯತೆ ಹೆಚ್ಚು. ಎಲ್ಲ ಬೆಕ್ಕಿಗೂ ಆಗುವುದಿಲ್ಲ, ಆಗದಿದ್ದರೆ ನಿಮ್ಮ ಆರೈಕೆಯಲ್ಲಿ ಕೊರತೆ ಎಂದೂ ಅಲ್ಲ. ಚೇತರಿಕೆ ಆಗುತ್ತಿರುವಾಗ ಡೋಸ್ ಇಳಿಸುತ್ತಾ ಬರದಿದ್ದರೆ ಅದೇ ಔಷಧಿ ಬೆಕ್ಕನ್ನು ಬೀಳಿಸುತ್ತದೆ. ಮನೆಯಲ್ಲಿ ಪರೀಕ್ಷೆ ಮಾಡದವರಿಗೆ ಈ ಒಳ್ಳೆಯ ಸುದ್ದಿ ಫಿಟ್ಸಿನ ರೂಪದಲ್ಲಿ ಬರಬಹುದು ಎಂಬುದೇ ನನ್ನ ದೊಡ್ಡ ಚಿಂತೆ.

ಪ್ರಶ್ನೆಗಳು ಬಹಳ ಬಂದವು. ಮಲ್ಲೇಶ್ವರದಿಂದ ಬಂದಿದ್ದ ಹಿರಿಯರೊಬ್ಬರು, “ಡಾಕ್ಟ್ರೇ, ನನಗೂ ಶುಗರ್ ಇದೆ. ನಾನು ನುಂಗುವ ಮಾತ್ರೆಯಲ್ಲೇ ಕಾಲು ಭಾಗ ಅದಕ್ಕೂ ಕೊಟ್ಟರೆ?” ಎಂದರು. ಬೇಡ ಸರ್. ಮೆಟ್‌ಫಾರ್ಮಿನ್ ಬೆಕ್ಕಿಗೆ ಉಪಯೋಗಕ್ಕೆ ಬರುವುದಿಲ್ಲ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಹೊಸ ಬಗೆಯ ಮಾತ್ರೆಗಳಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಎಂಬುದನ್ನು ಬೆಕ್ಕಿಗೆ ಕೊಡಲು ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ಆದರೆ ಅದು ಮೊದಲೇ ಇನ್ಸುಲಿನ್ ತೆಗೆದುಕೊಂಡಿರುವ ಬೆಕ್ಕುಗಳಿಗೆ ಅಲ್ಲ, ಶುಗರ್ ಸರಿಯಾಗಿ ಕಾಣುತ್ತಿರುವಾಗಲೇ ಕೀಟೋನ್ ಏರಿಸುವ ಅಪಾಯವೂ ಇದೆ. ನಿಮ್ಮ ಡಬ್ಬಿಯ ಮಾತ್ರೆ ನಿಮಗೇ ಇರಲಿ. ನಿಮ್ಮ ಇನ್ಸುಲಿನ್ ಕೂಡ.

“ನಮ್ಮದು ಮಡಿ ಮನೆ, ಮಾಂಸ ತರುವ ಹಾಗಿಲ್ಲ. ಏನು ಮಾಡಲಿ ಮೇಡಂ?” ಎಂದು ಬಸವನಗುಡಿಯ ಅಜ್ಜಿಯೊಬ್ಬರು ಕೇಳಿದರು. ಅಜ್ಜಿ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಪನೀರು, ಮೊಸರು, ಸೋಯಾ ಸೇರಿಸಿ ಬೆಕ್ಕಿಗೆ ಬೇಕಾದದ್ದನ್ನೆಲ್ಲ ಕೊಡಲು ಆಗುವುದಿಲ್ಲ. ಮೊಹರು ಹಾಕಿದ ಪೌಚನ್ನು ಅಡುಗೆಮನೆಗೆ ತರದೆ, ಬಾಲ್ಕನಿಯಲ್ಲಿ ಬೇರೆ ತಟ್ಟೆ, ಬೇರೆ ಚಮಚ ಇಟ್ಟು, ಮೊಮ್ಮಗಳ ಕೈಯಲ್ಲಿ ಹಾಕಿಸುವ ಮನೆಗಳಿವೆ. ಏಕಾದಶಿಯ ದಿನ ಬೆಕ್ಕಿಗೂ ಉಪವಾಸ ಬೇಡ. ಉಪವಾಸ ಮಾಡಿಸಿ ಸೂಜಿ ಹಾಕುವುದಂತೂ ಕೂಡದು.

ಊಟ ಮಾಡದಿದ್ದರೆ ಸೂಜಿ ಹಾಕಬೇಕೇ ಎಂದು ಮೂರು ನಾಲ್ಕು ಜನ ಕೇಳಿದರು. ಮೊದಲು ಶುಗರ್ ನೋಡಿ, ಆಮೇಲೆ ವೈದ್ಯರಿಗೆ ಫೋನ್ ಮಾಡಿ. ಅರ್ಧ ಹಾಕಿ ಅನ್ನಬಹುದು, ಬಿಡಿ ಅನ್ನಬಹುದು. ಯಾರೂ ಫೋನ್ ಎತ್ತದಿದ್ದರೆ ಆ ಹೊತ್ತಿನದು ಬಿಡಿ, ಪೂರ್ತಿ ಡೋಸ್ ಮಾತ್ರ ಹಾಕಬೇಡಿ. ದೀಪಾವಳಿಯ ಪಟಾಕಿ ದಿನಗಳಲ್ಲಿ ಇದು ಹೆಚ್ಚಾಗಿ ಆಗುತ್ತದೆ, ಮಂಚದಡಿ ಸೇರಿದ ಬೆಕ್ಕು ತಿನ್ನುವುದೇ ಇಲ್ಲ. ಕತ್ತಲಾಗುವ ಮುಂಚೆ ಒಂದು ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಬಟ್ಟಲು, ಲಿಟರ್ ಎರಡನ್ನೂ ಅಲ್ಲೇ ಇಡಿ. ಆ ದಿನಗಳ ಅಂಕಿ ಹೆಚ್ಚಾಗಿ ಬಂದರೂ ಅದು ಭಯದ್ದಿರಬಹುದು, ಅದನ್ನು ಹಿಡಿದು ಡೋಸ್ ಬದಲಿಸಬೇಡಿ.

ದಸರಾ ರಜೆಗೆ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಒಪ್ಪಿಸಬಹುದೇ ಎಂಬುದು ಕೊನೆಯ ಪ್ರಶ್ನೆ. ಒಪ್ಪಿಸಬಹುದು, ಅವರು ನಿಮ್ಮ ಎದುರಿಗೆ ಕೆಲವು ಸಲ ಸೂಜಿ ಹಾಕಿ ಅಭ್ಯಾಸ ಮಾಡಿಕೊಂಡಿದ್ದರೆ. ಡೋಸ್ ಎಷ್ಟು, ಊಟ ಎಷ್ಟು ಗ್ರಾಂ, ಎಷ್ಟಕ್ಕಿಂತ ಕಡಿಮೆ ಇದ್ದರೆ ಸೂಜಿ ಹಾಕಬಾರದು, ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಎಲ್ಲ ಬರೆದುಕೊಡಿ. ಬಳಸಬೇಕಾದ ಸಿರಿಂಜುಗಳನ್ನು ಎಣಿಸಿ ಒಂದು ಡಬ್ಬಿಗೆ ಹಾಕಿಕೊಡಿ, ಅವರು ಅಂಗಡಿಗೆ ಹೋಗಿ ಬೇರೆ ತರುವ ಪ್ರಸಂಗ ಬಾರದಿರಲಿ.

ಇಷ್ಟು ಹೇಳಿ, ಸಿರಿಂಜ್ ಮತ್ತು ಬಾಟಲಿ ತಂದಿದ್ದವರನ್ನೆಲ್ಲ ಮುಂದೆ ಕರೆದು ಒಬ್ಬೊಬ್ಬರದ್ದೇ ಸಂಖ್ಯೆ ಓದಿಸಿದೆ. ಇಬ್ಬರ ಬಳಿ ಗ್ಲಾರ್ಜಿನ್ ಜೊತೆ ಕೆಂಪು ಮುಚ್ಚಳದ ಸಿರಿಂಜ್ ಇತ್ತು. ಅವರ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿಸಿ, ಇಷ್ಟು ದಿನ ನಿಜವಾಗಿ ಹೋಗುತ್ತಿದ್ದ ಡೋಸ್ ಎಷ್ಟು ಎಂದು ಲೆಕ್ಕ ಹಾಕಿಸಿ, ರಾತ್ರಿಯ ಸೂಜಿಗೆ ಎಷ್ಟು ಎಳೆಯಬೇಕೆಂದು ಬರೆಸಿಕೊಂಡ ಮೇಲೆ ಸಭೆ ಮುಗಿಯಿತು.